ಫ್ರೀಜರಿನಲ್ಲಿಟ್ಟ ಹೆಲ್ಮೆಟ್

ಡ್ರೈ ಫೋರ್ಕ್, ಟೆಕ್ಸಸ್
ಭಾನುವಾರ, ನವೆಂಬರ್ 17

ಎಡಕ್ಕೆ ಕತ್ತು ತಿರುಗದ ನನ್ನ ಗಂಡ ಲೈಲ್‌ಗೆ,

ರೊಂಡಾ ಬರೆಯುವುದು. ನೀನು ಪೆಕೋಸ್‌ನ ಎಣ್ಣೆ ಬಾವಿಗಳ ಪಕ್ಕ ತಗಡಿನ ಮನೆ ಮಾಡಿಕೊಂಡು ಎರಡು ವರ್ಷವಾದರೂ ಕೋರ್ಟಿಗೆ ಹೋಗುವಷ್ಟು ಪುರುಸೊತ್ತು ಇಬ್ಬರಿಗೂ ಸಿಕ್ಕಿಲ್ಲ, ಹಾಗಾಗಿ ಇನ್ನೂ ನಿನ್ನ ಹೆಂಡತಿಯೇ. ನೀನು ಫೋನ್ ಎತ್ತುತ್ತಿಲ್ಲ, ಮೆಸೇಜು ನೋಡುತ್ತಿಲ್ಲ. ಅದಕ್ಕೇ ಕಾಗದ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು. ತಪ್ಪಿದ್ದರೆ ತಿದ್ದಿಕೋ ಅನ್ನೋಣವೆಂದರೆ ನಿನಗೂ ಬರುವುದಿಲ್ಲ, ಆದ್ದರಿಂದ ಇಬ್ಬರೂ ಕ್ಷೇಮ.

ಶುಕ್ರವಾರ ನಮ್ಮ ಹೈಸ್ಕೂಲಿನ ಮೈದಾನದಲ್ಲಿ, ನನ್ನ ತಿಂಡಿ ಕೌಂಟರಿನ ಎದುರು, ಸಾಲಿನಲ್ಲಿ ನಿಂತ ಅರ್ಧ ಊರಿನ ಮುಂದೆ ನೀನು ಮೂರು ಮಾತು ಹೇಳಿದೆ. ನಾನು ಹುಚ್ಚಿ. ನಾನು ಕಳ್ಳಿ. ಮುಂದಿನ ವರ್ಷ ನಮ್ಮ ಮಗ ಡಾಸನ್‌ನನ್ನು ಪೆಕೋಸ್‌ಗೆ ಕರೆದುಕೊಂಡು ಹೋಗಿ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಆಡಿಸುತ್ತೀಯ. ಮೊದಲಿನ ಎರಡಕ್ಕೆ ನನ್ನ ತಕರಾರಿಲ್ಲ. ಹುಚ್ಚಿ ಅಲ್ಲದಿದ್ದರೆ ನಿನ್ನನ್ನು ಮದುವೆಯಾಗುತ್ತಿರಲಿಲ್ಲ. ಹೆಲ್ಮೆಟ್ ಬಚ್ಚಿಟ್ಟಿದ್ದೂ ನಿಜ. ಮೂರನೆಯದಕ್ಕೆ ಉತ್ತರ: ಆಗುವುದಿಲ್ಲ. ನೀನು ಮತ್ತೆ ಕೇಳಿದರೂ ಇದೇ, ನಿನ್ನ ಅಮ್ಮನ ಕೈಲಿ ಕೇಳಿಸಿದರೂ ಇದೇ. ಕ್ಷಮೆ ಕೇಳುವುದಕ್ಕೆ ಬರೆಯುತ್ತಿದ್ದೇನೆ ಅಂತ ಅಂದುಕೊಂಡಿದ್ದರೆ ಇಲ್ಲಿಗೇ ಮಡಿಸಿ ಟ್ರಕ್ಕಿನ ಗಾಜು ಒರೆಸಿಕೋ.

ಅದರ ಹಿಂದಿನ ಶುಕ್ರವಾರ ನೀನು ಡ್ಯೂಟಿಯಲ್ಲಿದ್ದೆ. ಡಾಸನ್ ಕೊಟ್ಟ ಆ ಗುದ್ದನ್ನು ನೀನು ನೋಡಿದ್ದು ಫೋನಿನ ವಿಡಿಯೋದಲ್ಲಿ. ಅದರಲ್ಲಿ ಶಾಲೆಯ ಬ್ಯಾಂಡಿನ ಗದ್ದಲ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ನಾನು ಕೇಳಿದವಳು. ಕಾರ್ನ್ ಚಿಪ್ಸ್ ಪೊಟ್ಟಣ ಕತ್ತರಿಸಿ ಮೇಲೆ ಬಿಸಿ ಚಿಲಿ ಮಾಂಸದ ಸಾರು ಸುರಿಯುತ್ತಿದ್ದೆ, ಬೆನ್ನು ಮೈದಾನದ ಕಡೆ ಇತ್ತು. ಟ್ರಕ್ಕಿನ ಹಿಂದಿನ ಬಾಗಿಲನ್ನು ಯಾರೋ ಕೋಪದಲ್ಲಿ ಬಡಿದ ಹಾಗೆ ಒಂದು ಸದ್ದು. ಇಡೀ ಗ್ಯಾಲರಿ ಎದ್ದು ನಿಂತು, "ಹ್ಯಾಮರ್, ಹ್ಯಾಮರ್" ಅಂತ ಕಾಲಲ್ಲಿ ತಗಡು ಬಡಿಯತೊಡಗಿತು. ತಂಡಕ್ಕೆ ಚಂದಾ ಎತ್ತುವ ಬೂಸ್ಟರ್ ಕ್ಲಬ್ಬಿನ ಯಜಮಾನಿ ಜೀನೆಟ್ ಗೊತ್ತಲ್ಲ, ದನದ ಮೇವಿನ ಅಂಗಡಿಯವಳು, ತಂಡಕ್ಕೆ ತಾನೇ ಹೆತ್ತಮ್ಮ ಅನ್ನುವ ಹಾಗೆ ಆಡುವವಳು. ಅವಳು ನನ್ನ ಕೌಂಟರಿಗೆ ಕೈ ಬಡಿದು, "ಏಯ್ ರೊಂಡಾ, ನಿನ್ ಮಗನೇ ಕಣೇ. ಸೋಮವಾರ ಅವನ ಹೆಲ್ಮೆಟ್ಟಿಗೆ ಎರಡು ಸುತ್ತಿಗೆ ಸ್ಟಿಕರ್ ಅಂಟಿಸ್ತೀನಿ ನೋಡ್ತಿರು" ಅಂದಳು. ನಾನೂ ಸೌಟು ಎತ್ತಿ ಕೂಗಿದೆ. ಸುಳ್ಳು ಯಾಕೆ ಹೇಳಲಿ, ಜೋರಾಗಿಯೇ ಕೂಗಿದೆ.

ಆಮೇಲೆ ತಿರುಗಿ ನೋಡಿದೆ. ಚೆಂಡು ಹಿಡಿಯಲು ನೆಗೆದಿದ್ದ, ಎದುರಾಳಿ ಊರು ಮೆಸ್ಕೀಟ್ ಫ್ಲ್ಯಾಟ್‌ನ ಸಣಕಲು ಹುಡುಗ ಬೆನ್ನ ಮೇಲೆ ಬಿದ್ದಿದ್ದ. ಒಂದು ಕೈ ಆಕಾಶದ ಕಡೆ ಸೆಟೆದು ನಿಂತಿತ್ತು, ಯಾರನ್ನೋ ಕರೆಯುವ ಹಾಗೆ. ಆ ಕೈ ಕೆಳಗಿಳಿಯಲಿಲ್ಲ. ಎರಡೂ ತಂಡದ ಹುಡುಗರು ಒಂದು ಮಂಡಿ ಊರಿ ಕೂತರು. ತಪ್ಪಾಟ ಕಂಡಾಗ ರೆಫರಿ ಎಸೆಯುವ ಹಳದಿ ಬಟ್ಟೆ ಆಗಲೇ ಹುಲ್ಲಿನ ಮೇಲೆ ಬಿದ್ದಿತ್ತು. ತಲೆ ತಗ್ಗಿಸಿ, ಹೆಲ್ಮೆಟ್ಟಿನ ನೆತ್ತಿಯಿಂದ ಇನ್ನೊಬ್ಬನ ತಲೆಗೆ ಗುದ್ದಿದ್ದಕ್ಕೆ ಹದಿನೈದು ಗಜ ದಂಡ. ನಲವತ್ನಾಲ್ಕನೇ ನಂಬರು, ಅಂದರೆ ನಮ್ಮ ಡಾಸನ್, ಆಟದಿಂದ ಹೊರಗೆ. ಗುದ್ದಿದ್ದು ಎರಡನೇ ಅರ್ಧದಲ್ಲಿ ಆದ್ದರಿಂದ ಮುಂದಿನ ಆಟದ ಮೊದಲರ್ಧಕ್ಕೂ ಹೊರಗೆ.

ಆಂಬುಲೆನ್ಸ್ ಇನ್ನೂ ಮೈದಾನದಲ್ಲೇ ಇತ್ತು ಲೈಲ್. ಆ ಮಗುವನ್ನು ಹಲಗೆಗೆ ಕಟ್ಟುತ್ತಿದ್ದರು. ನಮ್ಮವರು ರೆಫರಿಯ ಕಡೆ ತಿರುಗಿ, "ಕನ್ನಡಕ ಹಾಕ್ಕೊಳ್ಳಯ್ಯಾ", "ಇದೇನು ಹುಡುಗೀರ ಆಟಾನಾ" ಅಂತ ಕೂಗುತ್ತಿದ್ದರು. ಆಟ ಶುರುವಾಗುವ ಮೊದಲು ಮೈಕು ಹಿಡಿದು, ಎರಡೂ ಕಡೆಯ ಮಕ್ಕಳನ್ನು ಕಾಪಾಡಪ್ಪಾ ದೇವರೇ ಅಂತ ಬೇಡಿದ ನಮ್ಮ ಪಾದ್ರಿಯದೇ ಎಲ್ಲರಿಗಿಂತ ದೊಡ್ಡ ಗಂಟಲು. ಡಾಸನ್ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನನ್ನ ಕೌಂಟರಿನ ಪಕ್ಕದಿಂದಲೇ ಡ್ರೆಸ್ಸಿಂಗ್ ರೂಮಿಗೆ ಹೋದ. ಜನ ಅವನ ಬೆನ್ನು ತಟ್ಟುತ್ತಿದ್ದರು. ಅವನು ನನ್ನನ್ನು ನೋಡಲಿಲ್ಲ.

ಆಟ ನಾವೇ ಗೆದ್ದೆವು. ಆಮೇಲೆ ನೀನು ಅವನಿಗೆ ಫೋನ್ ಮಾಡಿ ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಹದಿನೈದು ಗಜ ತಾನೇ, ಅದಕ್ಕೇನು ಅಳ್ತೀಯ. ರೆಫರಿಗಳು ಬರ್ತಾರೆ ಹೋಗ್ತಾರೆ. ನಾನು ಹೇಳ್ಕೊಟ್ಟ ಹಾಗೇ ಹೊಡಿ, ಕಣ್ಣು ನೆಲಕ್ಕೆ, ನೆತ್ತಿ ಅವನಿಗೆ." ಹೌದಪ್ಪ, ನೀನೇ ಹೇಳಿಕೊಟ್ಟಿದ್ದು. ನೀರಿನ ಟ್ಯಾಂಕಿನ ಕಂಬಕ್ಕೆ ಹಳೇ ಹಾಸಿಗೆ ಸುತ್ತಿ, ಅವನು ನಿನ್ನ ಮೊಣಕಾಲೆತ್ತರ ಇದ್ದಾಗಲೇ. ಆ ಹಾಸಿಗೆ ನಮ್ಮ ಮದುವೆಯದ್ದು. ಅದರ ಗತಿ ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು.

ಕೋಚ್ ಹಾಲ್ಬರ್ಟ್‌ನನ್ನೂ ಬಿಡುವುದಿಲ್ಲ. ಅಭ್ಯಾಸದಲ್ಲಿ ಅವನು, "ತಲೆ ಎತ್ತಿ, ಭುಜದಿಂದ ಹೊಡೀರಿ, ತೋಳಲ್ಲಿ ಕಟ್ಟಿ ಕೆಡವಿರಿ" ಅಂತ ಗಂಟಲು ಹರಿದುಕೊಳ್ಳುತ್ತಾನೆ. ಆದರೆ ಕ್ಲಬ್ಬಿನವರು ಹಾಕುವ ಸೋಮವಾರದ ಊಟದಲ್ಲಿ ಯಾರ ಗುದ್ದಿಗೆ ಜನ ಹೆಚ್ಚು ಕೂಗಿದರೋ ಅವರ ಹೆಲ್ಮೆಟ್ಟಿಗೆ ಸುತ್ತಿಗೆ ಸ್ಟಿಕರ್ ಅಂಟಿಸುವಾಗ ಪಕ್ಕದಲ್ಲೇ ನಿಂತು ಚಪ್ಪಾಳೆ ಹೊಡೆಯುತ್ತಾನೆ. ಮಕ್ಕಳು ಬಾಯಿಮಾತು ಕೇಳುವುದಿಲ್ಲ ಲೈಲ್, ಸ್ಟಿಕರ್ ನೋಡುತ್ತವೆ.

ಗುದ್ದಿನ ಮಾರನೆಯ ದಿನ, ಶನಿವಾರ, ನಾನೂ ಡಾಸನ್ನೂ ಲಬಕ್‌ನ ಆಸ್ಪತ್ರೆಗೆ ಹೋದೆವು. ಇದನ್ನು ನಿನಗೆ ಯಾರೂ ಹೇಳಿರುವುದಿಲ್ಲ. ಬರಿಗೈಲಿ ಹೋಗಬಾರದು ಅಂತ ಒಂದು ಟ್ರೇ ತುಂಬ ಎಂಚಿಲಾಡ, ಮೆಕ್ಸಿಕೋ ಕಡೆಯವರ ಆ ಸುರುಳಿ ರೊಟ್ಟಿ, ಮಾಡಿಕೊಂಡು ಹೋದೆ. ಹುಡುಗನ ಹೆಸರು ಎಲಿಸಿಯೊ. ತಾಯಿ ಮರಿಸೆಲಾ, ಹತ್ತಿ ಜಿನ್ನಿನಲ್ಲಿ ಕೆಲಸ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ನಲವತ್ನಾಲ್ಕರ ತಾಯಿ ಅಂದೆ. ಬಯ್ಯಲಿ ಅಂತ ಕಾದೆ. ಅವಳು ಟ್ರೇ ಮುಚ್ಚಳ ತೆಗೆದು, ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು, "ನಿಮ್ ಹುಡುಗ ನನ್ ಹುಡುಗಂಗೆ ಹೊಡೆದ. ನೀವು ನಮ್ ಅಡುಗೆಗೇ ಹೊಡೆದ್ರಲ್ಲಮ್ಮಾ" ಅಂದಳು. ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಅಳುವುದಕ್ಕೆ ಶುರು ಮಾಡಿದಳು. ನಾನು ಟ್ರೇ ಹಿಡಿದುಕೊಂಡು ನಿಂತೆ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದನ್ನು ನೀನು ನೋಡಬೇಕಿತ್ತು.

ಹುಡುಗನ ಕೋಣೆಯಲ್ಲಿ ದೀಪ ಆರಿಸಿದ್ದರು, ಬೆಳಕು ಬಿದ್ದರೆ ತಲೆ ಸಿಡಿಯುತ್ತಿತ್ತಂತೆ. ಕತ್ತಿಗೆ ಪಟ್ಟಿ. ಮೂಳೆ ಮುರಿದಿರಲಿಲ್ಲ, ಕೈಕಾಲು ಆಡುತ್ತಿತ್ತು, ಆದರೆ ಒಳಗೆ ಏನೋ ಕದಡಿಹೋಗಿತ್ತು. ಡಾಸನ್ ಪಕ್ಕದ ಕುರ್ಚಿಯಲ್ಲಿ ಕೂತ. ಎಲಿಸಿಯೊ ಕಣ್ಣು ಬಿಟ್ಟು, "ನಾವು ಗೆದ್ವಾ?" ಅಂತ ಕೇಳಿದ.

ನಿನ್ನ ಮಗ ಹೇಳಿದ, "ಗೆದ್ರಿ."

ಆ ಹುಡುಗ ನಕ್ಕ. ಸ್ವಲ್ಪ ಹೊತ್ತಿಗೆ ಮತ್ತೆ, "ನಾವು ಗೆದ್ವಾ?"

"ಗೆದ್ರಿ ಕಣೋ."

ಹೀಗೇ ನಡೆಯಿತು. ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದ, ಪ್ರತಿ ಸಲವೂ ಡಾಸನ್ ಹೊಸ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದ. ಒಂದು ಸಲ ಮಾತ್ರ ಎಲಿಸಿಯೊ ಅವನ ಮುಖ ನೋಡಿ, "ನೀನ್ಯಾರು?" ಅಂದ. "ನಿಮ್ ಎದುರು ಆಡ್ದವನು." "ಚೆನ್ನಾಗಿ ಆಡ್ದ್ಯಾ?" ಡಾಸನ್ ತನ್ನ ಕೈ ನೋಡಿಕೊಂಡು, "ಇಲ್ಲ" ಅಂದ.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ರೇಡಿಯೋ ಕೇಳಿಕೊಂಡು ಬಂದೆವು. ಮುಂದಿನದನ್ನೆಲ್ಲ ನಾನೇ ಯೋಚಿಸಿದ್ದು, ನಾನೇ ಮಾಡಿದ್ದು. ಅವನಿಗೆ ಏನೇನೂ ಗೊತ್ತಿರಲಿಲ್ಲ. ನಿನ್ನ ಕಣ್ಣಿಗೆ ಬೀಳಲಿ ಅಂತ ಇದರ ಕೆಳಗೆ ಗೆರೆ ಎಳೆದಿದ್ದೇನೆ.

ಆ ವಾರ ಊರು ಹೇಗಿತ್ತು ಅಂತೀಯ. ಪ್ಲೇಆಫ್‌ನ ಮೊದಲ ಆಟ, ಸೋತರೆ ಮನೆಗೆ. ನಮ್ಮ ಹುಡುಗರು ಅಲ್ಲಿಗೆ ಮುಟ್ಟಿ ಎಷ್ಟೋ ಕಾಲವಾಗಿತ್ತು. ಮನೆ ಮುಂದೆ ನೆಡುವ ಆಟಗಾರರ ನಂಬರಿನ ಬೋರ್ಡುಗಳಲ್ಲಿ ಎಲ್ಲಿ ನೋಡಿದರೂ ನಲವತ್ನಾಲ್ಕೇ. ಕ್ಷೌರದಂಗಡಿ ಗಾಜಿನ ಮೇಲೆ "44ಕ್ಕೆ ನ್ಯಾಯ ಕೊಡಿ" ಅಂತ ಬಿಳಿ ಬಣ್ಣದಲ್ಲಿ ಬರೆದಿದ್ದರು. ಜೀನೆಟ್ ಸಹಿ ಸಂಗ್ರಹ ಮಾಡಿಕೊಂಡು ನಮ್ಮ ಮನೆಗೂ ಬಂದಳು, ಹೊರಗೆ ಹಾಕಿದ್ದನ್ನು ರದ್ದು ಮಾಡಿ ಅಂತ ಮೇಲಿನವರಿಗೆ ಕಳಿಸುವುದಕ್ಕೆ.

"ಹೆತ್ತ ತಾಯಿ ಸಹಿ ಇದ್ರೆ ತೂಕ ಬರುತ್ತೆ ಕಣೇ. ಆ ಹುಡುಗ ಸಣ್ಣಕ್ಕಿದ್ದ, ಅದಕ್ಕೆ ಹಾಗಾಯ್ತು. ಡಾಸನ್ ತಪ್ಪೇನಿದೆ?"

"ಸಣ್ಣಕ್ಕಿರೋರ್ನ ಹುಡುಕಿ ಹೊಡೀಬೇಕು ಅಂತಿದ್ರೆ ನಿನ್ ಕಡ್ಡಿ ಗಂಡನ್ನ ಕಳಿಸು ಜೀನೆಟ್. ನಾನು ಮಾಡಲ್ಲ ಸಹಿ."

ಅವಳು ಆವತ್ತಿನಿಂದ ನನ್ನ ಮುಖ ನೋಡುತ್ತಿಲ್ಲ. ನನ್ನ ಮುಖಕ್ಕೆ ಏನೂ ಆಗಿಲ್ಲ. ಮೇಲಿನವರೂ ಅವಳ ಅರ್ಜಿಗೆ ಇಲ್ಲ ಅಂದರು. ಸರಿ, ಮೊದಲರ್ಧ ಹೇಗೋ ತಡೆದುಕೊಳ್ಳೋಣ, ಎರಡನೇ ಅರ್ಧಕ್ಕೆ ಡಾಸನ್ ಬರ್ತಾನೆ, ಅಂತ ಇಡೀ ಊರು ಲೆಕ್ಕ ಹಾಕಿಕೊಂಡು ಕೂತಿತು. ನೀನೂ ರಜೆ ಹಾಕಿ ಅಷ್ಟು ದೂರದಿಂದ ಹೊರಟೆ.

ಆದರೆ ಎಲ್ಲರೂ ಒಂದು ಮರೆತಿದ್ದರು. ನಿಮ್ಮ ಮನೆತನದ ತಲೆ. ಅದರ ಅಳತೆ ಹೆರಿಗೆಯ ದಿನದಿಂದ ನನಗೆ ಗೊತ್ತು, ಬೇರೆ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಶಾಲೆಯಲ್ಲಿದ್ದ ಯಾವ ಹೆಲ್ಮೆಟ್ಟೂ ಹಿಡಿಸದೆ ಕೋಚ್ ಅವನಿಗೆ ಅಂತಲೇ ಒಂದನ್ನು ಬೇರೆ ತರಿಸಿದ್ದ. ಒಂದೇ ಒಂದು. ಗುರುವಾರ ಹುಡುಗರು ಹೆಲ್ಮೆಟ್ ಮನೆಗೆ ತರುವುದು, ಅಮ್ಮಂದಿರು ಒರೆಸಿ ಹೊಳಪು ಹಾಕಿ ಶುಕ್ರವಾರ ಕಳಿಸುವುದು ನಮ್ಮ ಊರಿನ ಪದ್ಧತಿ. ನಿನ್ನ ಅಮ್ಮನೂ ಮಾಡಿದ್ದಾಳೆ. ಈ ಗುರುವಾರ ನಾನು ಹೊಳಪು ಹಾಕಲಿಲ್ಲ. ತಿಂಡಿ ಕೌಂಟರಿನ ಬೀಗದ ಕೈ ನನ್ನ ಹತ್ತಿರ ಇದೆಯಲ್ಲ, ಅಲ್ಲಿನ ದೊಡ್ಡ ಫ್ರೀಜರಿನ ತಳದಲ್ಲಿ, ಜಿಂಕೆ ಸಾಸೇಜಿನ ಕೆಳಗೆ ಇಟ್ಟು ಮೇಲೆ ಐಸಿನ ಚೀಲ ಪೇರಿಸಿದೆ.

ಶುಕ್ರವಾರ ಮೊದಲರ್ಧ ಮುಗಿಯುವ ಹೊತ್ತಿಗೆ ನಾವು ಒಂದು ಅಂಕ ಮುಂದಿದ್ದೆವು. ಕೋಚ್ ಬೆವರು ಸುರಿಸಿಕೊಂಡು ಕೌಂಟರಿಗೆ ಓಡಿ ಬಂದ.

"ಅಮ್ಮಾ, ಡಾಸನ್ ಹೆಲ್ಮೆಟ್ ಕಾಣ್ತಿಲ್ವಂತೆ. ಮನೇಲಿ ಬಿಟ್ಟು ಬಂದ್ರಾ?"

"ಮನೇಲಿಲ್ಲ ಕೋಚ್. ಉಪ್ಪಿನಕಾಯಿ ಕೊಡ್ಲಾ? ಮುಖ ಸಪ್ಪಗಾಗಿದೆ."

"ತಮಾಷೆ ಬೇಡಿ, ಇಪ್ಪತ್ತು ನಿಮಿಷ ಇದೆ ಅಷ್ಟೇ."

ಬೇರೆಯವರ ಹೆಲ್ಮೆಟ್ ಹಾಕಿ ನೋಡಿದರಂತೆ. ಕುಂಬಳಕಾಯಿ ಮೇಲೆ ಬಾಟಲಿ ಮುಚ್ಚಳ ಇಟ್ಟ ಹಾಗೆ ಕೂತಿತಂತೆ. ರೆಫರಿ, ಅಳತೆಗೆ ಕೂರದಿದ್ದರೆ ಒಳಗೆ ಬಿಡಲ್ಲ ಅಂದ. ಅಷ್ಟರಲ್ಲಿ ಜೀನೆಟ್ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿ ಕಪಾಟು, ಡಬ್ಬ, ನನ್ನ ಕೈಚೀಲ ಎಲ್ಲ ಜಾಲಾಡಿದಳು. ಫ್ರೀಜರೂ ತೆಗೆದಳು. ನಾನು ಸೌಟು ಬಿಡದೆ ಚಿಲಿ ಕಲಕಿದೆ. ಅವಳು ಮೇಲಿನ ಒಂದು ಚೀಲ ಎತ್ತಿಕೊಂಡು, "ಹುಡುಗರ ನೀರಿಗೆ ಐಸಾದ್ರೂ ಕೊಡು, ಅಷ್ಟಾದ್ರೂ ಉಪಕಾರ ಮಾಡು" ಅಂತ ಗೊಣಗಿ ಹೋದಳು.

ಆಗ ಬಂದೆ ನೀನು, ಟ್ರಕ್ಕಿನ ಧೂಳಿನ ಜೊತೆ. ನಾನು ಸುಮ್ಮನಿರಬಹುದಿತ್ತು. ಆದರೆ ಹುಡುಗನನ್ನು ಡ್ರೆಸ್ಸಿಂಗ್ ರೂಮಿನಲ್ಲಿ ನಿಲ್ಲಿಸಿಕೊಂಡು, ಎಲ್ಲಿ ಕಳೆದೆ, ಯಾರಿಗೆ ಕೊಟ್ಟೆ ಅಂತ ಎಲ್ಲರೂ ಅರೆಯುತ್ತಿದ್ದರು. ಅದಕ್ಕೇ ಸೌಟು ಕೆಳಗಿಟ್ಟು ಹೇಳಿದೆ, "ನಾನು ಬಚ್ಚಿಟ್ಟಿದ್ದೀನಿ. ಕೊಡಲ್ಲ." ನೀನು ಕೂಗಾಡಿದ್ದು ಊರಿಗೆಲ್ಲ ಗೊತ್ತು. ಸಾಲಿನಲ್ಲಿ ನಿಂತಿದ್ದ ಮುದುಕ ಒಬ್ಬ, "ಜಗಳ ಆಮೇಲಾಡ್ಕೊಳಿ, ನನ್ ನಾಚೋಸ್ ತಣ್ಣಗಾಗ್ತಿದೆ" ಅಂದ. ಅವನ ಮುಖ ಮಾತ್ರ ನಿನಗೆ ಕಂಡಿರುವುದಿಲ್ಲ, ಅವನು ನಿನ್ನ ಎಡಗಡೆ ಇದ್ದ.

ಸೋತೆವು. ಡಾಸನ್ ಇದ್ದಿದ್ದರೆ ಗೆಲ್ಲುತ್ತಿದ್ದೆವಾ? ಗೆಲ್ಲುತ್ತಿದ್ದೆವೇನೋ. ನಿನ್ನೆ ಬೆಳಿಗ್ಗೆ ನಮ್ಮ ಮನೆ ಮುಂದಿನ ನಲವತ್ನಾಲ್ಕರ ಬೋರ್ಡು ಕಿತ್ತು ಕಸದ ಡಬ್ಬಿಯಲ್ಲಿ ಚುಚ್ಚಿದ್ದರು. ನಾನು ತೊಳೆದು ಮತ್ತೆ ನೆಟ್ಟೆ, ಈ ಸಲ ರಸ್ತೆಗೆ ಇನ್ನೂ ಹತ್ತಿರ. ಇವತ್ತು ಚರ್ಚಿನಲ್ಲಿ ನಮ್ಮ ಬೆಂಚಿಗೆ ಯಾರೂ ಬಂದು ಕೂರಲಿಲ್ಲ. ಕಾಲು ಚಾಚಿಕೊಂಡು ಆರಾಮಾಗಿ ಪ್ರಾರ್ಥನೆ ಮಾಡಿದೆ. ತಿಂಡಿ ಕೌಂಟರಿನಿಂದಲೂ ನನ್ನನ್ನು ತೆಗೆದಿದ್ದಾರೆ. ಮುಂದಿನ ವರ್ಷದಿಂದ ಚಿಲಿ ಜೀನೆಟ್ ಮಾಡುತ್ತಾಳಂತೆ. ಊರಿಗೆ ಅಷ್ಟು ಶಿಕ್ಷೆ ಸಾಕು.

ಈಗ ನಿನ್ನ ಕತ್ತಿನ ವಿಷಯ. ನೀನು ಹೈಸ್ಕೂಲಿನಲ್ಲಿದ್ದಾಗ ಕೊಟ್ಟ ಆ ಗುದ್ದಿನ ಕತೆಯನ್ನು ಬಿಯರ್ ಕೈಗೆ ಬಂದಾಗಲೆಲ್ಲ ಹೇಳುತ್ತೀಯ. ಎದುರಿನವನು ಎಷ್ಟು ದೂರ ಹಾರಿಬಿದ್ದ ಅನ್ನುವುದು ವರ್ಷ ವರ್ಷ ಬೆಳೆಯುತ್ತದೆ. ಅವತ್ತಿನಿಂದ ನಿನ್ನ ಕತ್ತು ಎಡಕ್ಕೆ ತಿರುಗುವುದಿಲ್ಲ ಅನ್ನುವುದನ್ನು ಮಾತ್ರ ಆ ಕತೆಯಲ್ಲಿ ಹೇಳುವುದಿಲ್ಲ. ಅದನ್ನು ಹೇಳಬೇಕಾದವಳು ನಾನು. ಟ್ರಕ್ಕು ಹಿಂದಕ್ಕೆ ತೆಗೆಯುವಾಗೆಲ್ಲ ನಮ್ಮ ಅಂಚೆ ಡಬ್ಬಿಯನ್ನು ಮಲಗಿಸಿದವನು ನೀನು. ಮೇಜಿನಲ್ಲಿ, ಚರ್ಚಿನಲ್ಲಿ, ಹಾಸಿಗೆಯಲ್ಲಿ, ಎಲ್ಲೆಲ್ಲೂ ನಿನ್ನ ಬಲಗಡೆಯೇ ಇರುವುದನ್ನು ನಾನು ಕಲಿತೆ, ಇಲ್ಲದಿದ್ದರೆ ನಿನಗೆ ಕಾಣುವುದಿಲ್ಲ ಅಂತ. ಡಾಸನ್ ಹುಟ್ಟಿದಾಗ ನರ್ಸು ಗೊತ್ತಿಲ್ಲದೆ ಮಗುವನ್ನು ನಿನ್ನ ಎಡಗಡೆ ಹಿಡಿದಳು. ಎಲ್ಲ ಅಪ್ಪಂದಿರೂ ಕತ್ತು ತಿರುಗಿಸಿ ನೋಡುತ್ತಾರೆ, ನೀನು ಇಡೀ ಮೈ ತಿರುಗಿಸಿ ನೋಡಿದೆ. ನನಗೆ ಆವತ್ತು ಅದು ಚೆಂದ ಕಂಡಿತ್ತು. ಇವತ್ತು ನೆನೆದರೆ ಸಿಟ್ಟು ಬರುತ್ತದೆ.

ಒಂದು ಮನೆಗೆ ತಿರುಗದ ಕತ್ತು ಒಂದೇ ಸಾಕು ಲೈಲ್. ಆ ಹುಡುಗನ ತಲೆಗೆ ಗುದ್ದಿದ್ದು ಡಾಸನ್‌ನ ತಲೆಯೇ ತಾನೇ. ಗುದ್ದಿಸಿಕೊಂಡವನದ್ದು ಮಾತ್ರ ತಲೆ, ಗುದ್ದಿದವನದ್ದು ಬರೀ ಹೆಲ್ಮೆಟ್ಟು ಅಂತ ನೀನು ಅಂದುಕೊಂಡಿದ್ದೀಯ. ಕೂದಲೆಳೆಯಷ್ಟು ಆಚೀಚೆ ಆಗಿದ್ದರೆ ಲಬಕ್‌ನ ಆ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದವನು ನಮ್ಮವನು. ಎಂಚಿಲಾಡ ಹೊತ್ತುಕೊಂಡು ಬರುತ್ತಿದ್ದವಳು ಮರಿಸೆಲಾ. ಊಟವಾದರೂ ಚೆನ್ನಾಗಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಹಾಗಾಗಿ ಅವನು ಪೆಕೋಸ್‌ಗೆ ಆಡುವುದಕ್ಕೆ ಬರುವುದಿಲ್ಲ. ಕ್ರಿಸ್ಮಸ್‌ಗೆ ನಿನ್ನನ್ನು ನೋಡುವುದಕ್ಕೆ ಬರುತ್ತಾನೆ, ನಿಮ್ಮ ಮನೆತನದ ದೊಡ್ಡ ತಲೆಯನ್ನು ನೆಟ್ಟಗೆ ಹೊತ್ತುಕೊಂಡು. ಮೀನು ಹಿಡಿಯುವುದನ್ನು ಕಲಿಸು, ಬೆಸುಗೆ ಕೆಲಸ ಕಲಿಸು, ನಿನಗೆ ಬರುವ ಕೆಟ್ಟ ಹಾಡುಗಳನ್ನೆಲ್ಲ ಕಲಿಸು. ತಲೆ ತಗ್ಗಿಸುವುದನ್ನು ಕಲಿಸಬೇಡ. ಸಿಟ್ಟಿದ್ದರೆ ನನ್ನ ಮೇಲೆ ತೀರಿಸಿಕೋ, ಅವನನ್ನು ಒಂದು ಮಾತೂ ಅನ್ನಬೇಡ, ಅವನಿಗೇನೂ ಗೊತ್ತಿಲ್ಲ.

ಹುಚ್ಚಿ, ಕಳ್ಳಿ, ಸದ್ಯಕ್ಕೆ ನಿನ್ನ ಹೆಂಡತಿಯೂ ಆಗಿರುವ,
ರೊಂಡಾ

ತಾಜಾ ಕಲಂ: ಅಪ್ಪಾ, ನಾನು ಡಾಸನ್. ಪೋಸ್ಟಿಗೆ ಹಾಕು ಅಂತ ಅಮ್ಮ ಕೊಟ್ಟಳು. ಕವರು ಸರಿಯಾಗಿ ಅಂಟಿರಲಿಲ್ಲ, ಓದಿದೆ. ಅವಳು ಸುಳ್ಳು ಹೇಳಿದ್ದಾಳೆ. ಲಬಕ್‌ನಿಂದ ಬರುವಾಗ ರೇಡಿಯೋ ಹಾಕಿರಲೇ ಇಲ್ಲ, ದಾರಿಯುದ್ದಕ್ಕೂ ನಾನೇ ಮಾತಾಡಿದ್ದು. ಓಡುವಾಗ ನನ್ನ ತಲೆ ತಾನಾಗೇ ಬಗ್ಗುತ್ತೆ ಅಪ್ಪಾ. ಅದನ್ನ ಹೇಗೆ ನಿಲ್ಲಿಸೋದು ಅಂತ ನನಗೆ ಗೊತ್ತಿಲ್ಲ. ಇನ್ನೊಬ್ಬನಿಗೆ ಹಾಗೆ ಮಾಡಿಬಿಡ್ತೀನಿ ಅಂತ ಹೆದರಿಕೆ ಆಯ್ತು. ಕೋಚ್‌ಗೆ ಹೇಳೋ ಧೈರ್ಯ ಇರಲಿಲ್ಲ, ನಿನಗೆ ಹೇಳೋ ಧೈರ್ಯವಂತೂ ಇರಲೇ ಇಲ್ಲ. "ನನ್ ಮೇಲೆ ಹಾಕು ಮರಿ, ನನ್ನ ಬಯ್ದು ಊರಿಗೆ ಅಭ್ಯಾಸ ಇದೆ" ಅಂದಳು ಅಮ್ಮ. ಹೆಲ್ಮೆಟ್ಟನ್ನ ಫ್ರೀಜರಿಗೆ ಹಾಕಿದ್ದು ನಾನು. ಅವಳು ಬರೀ ಬೀಗ ತೆಗೆದಳು. ನಾಳೆ ಕೋಚ್‌ಗೂ ಜೀನೆಟ್‌ಗೂ ಇದನ್ನೇ ಹೇಳ್ತೀನಿ, ಮೊದಲು ನಿನಗೆ ಹೇಳಬೇಕು ಅನ್ನಿಸಿತು. ಹೆಲ್ಮೆಟ್ ಮೇಲಿದ್ದ ಸುತ್ತಿಗೆಗಳನ್ನ ಕೂತು ಕಿತ್ತೆ. ಒಂದು ಮಾತ್ರ ಬರಲಿಲ್ಲ, ಅದು ನೀನು ಅಂಟಿಸಿದ್ದು. ನಿನಗೆ ಸಿಟ್ಟು ಇಳಿದ ಮೇಲೆ ಒಂದು ಸಲ ಮನೆಗೆ ಬಾ. ಹೊಸ ಅಂಚೆ ಡಬ್ಬಿ ನೆಟ್ಟಿದ್ದೀವಿ. ನೀನು ಟ್ರಕ್ಕು ಹಿಂದಕ್ಕೆ ತೆಗೆಯುವಾಗ ಎಡಗಡೆ ನಾನು ನಿಂತು ನೋಡ್ತೀನಿ.